ಅಂಗೈಗೆ ಹಚ್ಚಿದ ಹಣಮಪ್ಪನ ಎಣ್ಣಿ

ಆ ಶನಿವಾರ ಮುಂಜಾನೆ ನಾನು ರೊಟ್ಟಿ ಬಡಿಯುತ್ತಿದ್ದೆ. ಮೂರು ಆಗಿದ್ದವು. ನಾಲ್ಕನೆಯದು ಪರಾತದಲ್ಲಿ ಅಂಗೈ ಅಗಲ ಆಗಿತ್ತು, ಉಳಿದ ಹಿಟ್ಟು ನಾದಿ ಪರಾತದ ಒಂದು ಮಗ್ಗಲಿಗೆ ಒತ್ತಿ ಇಟ್ಟಿದ್ದೆ. ಮಗಳು ಬರುವ ಹೊತ್ತು ಅದು. ಬಂದ ಕೂಡಲೇ ಅಡಿಗಿಮನಿ ಬಾಗಿಲಲ್ಲೇ ಕುಂತು, ಹಂಚಿನ ಮ್ಯಾಲಿಂದ ತೆಗೆದ ರೊಟ್ಟಿಗೆ ಶೇಂಗಾ ಹಿಂಡಿ ಮೊಸರು ಹಚ್ಚಿಕೊಂಡು ತಿನ್ನುತ್ತಿದ್ದಳು. ತಾಟು ಸೈತ ತಗೊಳ್ಳುತ್ತಿರಲಿಲ್ಲ.

ಬಾಗಿಲಲ್ಲಿ ನೆರಳು ಬಿತ್ತು. ನಾನು ತಲಿ ಎತ್ತದೆ ಅಂದೆ, "ಮೊದ್ಲ ಕೈ ತೊಳ್ಕೊಂಡ ಕುಂದ್ರು."

"ಕಾಕೂ, ನೀವ ಕೈ ತೊಳ್ಕೋರಿ."

ಮಗಳಲ್ಲ, ಮಗಳ ಗೆಳತಿ. ಚಪ್ಪಲಿ ಕಾಲಲ್ಲೇ ಒಳಗೆ ಬಂದಿದ್ದಳು. ಆ ಹುಡುಗಿ ಎಂದೂ ಹಂಗ ಬಂದವಳಲ್ಲ.

"ಯಾಕವಾ?"

"ಹೋಗೂದದರಿ. ಕೈ ತೊಳ್ಕೋರಿ ಮೊದ್ಲ."

"ಬಿದ್ದಳೇನ?"

"ಹೂಂರಿ."

"ಜೀವ ಅದನೋ ಇಲ್ಲೋ, ಅಷ್ಟ ಹೇಳು."

"ಅದರಿ. ಮಾತಾಡಾಕತ್ತಾಳ. ನಿಮ್ಮನ್ನಽ ಕೇಳಾಕತ್ತಾಳ."

ಮಾತಾಡುತ್ತಾಳೆ ಅಂದರೆ ತಲಿಗೆ ಪೆಟ್ಟಾಗಿಲ್ಲ. ಆ ದಿನ ದೇವರು ನನ್ನ ಉಡಿಯಲ್ಲಿ ಹಾಕಿದ ಮೊದಲನೆಯದು ಅದು. ಒಲಿಯ ಕಟಗಿ ಹಿಂದೆ ಎಳೆದು ನೀರು ಚಿಮುಕಿಸಿದೆ, ಪರಾತದ ಮ್ಯಾಲ ಬುಟ್ಟಿ ಬೋರಲು ಹಾಕಿದೆ. ಬಂದು ಉಳಿದ ರೊಟ್ಟಿ ಮಾಡಿದರಾಯಿತು ಅನ್ನುವ ಹಂಗೆ. ಕೈ ಮಾತ್ರ ತೊಳೆಯಲಿಲ್ಲ. ಹಿಟ್ಟಿನ ಕೈಲೇ ಓಡಿದೆ.

ನಮ್ಮದು ಮರಾಠಿ ಸೀಮಿಯೊಳಗಿನ ಜತ್ತ ಊರು. ಮನಿಯವರದು ಪೇಟೆಯಲ್ಲಿ ಹಿಟ್ಟಿನ ಗಿರಣಿ. ನನ್ನ ತವರು ಮಾಡಗ್ಯಾಳ. ಕುರಿಮರಿಗಳು ಹಟ್ಟಿಯ ಕಲ್ಲಿನ ಗ್ವಾಡಿ ಟಣ್ಣನೆ ಹಾರುವುದನ್ನು ನೋಡುತ್ತಾ ಬೆಳೆದವಳು ನಾನು. ಯಾಕ ಹಾರ್ತಿ ಅಂತ ಮರಿಗೆ ಯಾರೂ ಕೇಳುವುದಿಲ್ಲ. ನನ್ನ ಮಗಳಿಗೆ ಮಾತ್ರ ಇಡೀ ಓಣಿ ಕೇಳಿತು.

ಮೊದಲು ಪೋಲೀಸ್ ಭರತಿಗೆ ಅಂತ ಓಡಲು ಹೋಗುತ್ತಿದ್ದಳು. ನಮ್ಮ ಕಡಿ ಹೆಣ್ಣುಮಕ್ಕಳು ಈಗ ಭಾಳ ಮಂದಿ ಹಂಗ ಓಡುತ್ತಾರೆ, ಅದರಲ್ಲಿ ಯಾರೂ ತಪ್ಪು ಹುಡುಕುವುದಿಲ್ಲ. ಕಾಲೇಜಿನ ಎರಡನೇ ವರ್ಷದಲ್ಲಿ ಓಟ ಬ್ಯಾರೆ ನಮೂನಿ ಆಯಿತು. ಗೆಳತಿ, ಮತ್ತೆ ಇವರ ತರಗತಿಯ ಮೂವರು ಹುಡುಗರು, ಎಲ್ಲಾರೂ ಸೇರಿ ಮೊಬೈಲಿನಲ್ಲಿ ನೋಡಿ ಕಲಿಯಲು ಹತ್ತಿದ್ದರು. ನನಗೆ ಗೊತ್ತಾದದ್ದು ಸಂಡಗಿ ದೆಸಿಯಿಂದ.

ಮಾಳಿಗಿ ಮ್ಯಾಲ ಹಳೆ ಧೋತರ ಹಾಸಿ ಸಂಡಗಿ ಇಟ್ಟಿದ್ದೆ. ಕಾಗಿ ಕಾಯಲು ಮೂಲೆಯಲ್ಲಿ ಕುಂತಿದ್ದೆ. ಮಗ್ಗಲ ಮನಿ ಮಾಳಿಗಿಯಿಂದ ಏನೋ ಒಂದು ಹಾರಿ ಬಂತು. ನಡುವಿನ ಸಂದಿ ದಾಟಿ, ನಮ್ಮ ಕಟ್ಟಿ ಮ್ಯಾಲ ಒಂದು ಕೈ ಊರಿ, ಸಂಡಗಿಯ ಈ ತುದಿಯಿಂದ ಆ ತುದಿಗೆ ದಾಟಿ, ಉರುಳಿ, ಎದ್ದು ನಿಂತಿತು. ನನ್ನ ಮಗಳು. ನಾನು ಚೀರಲೂ ಇಲ್ಲ. ಮೊದಲು ಸಂಡಗಿ ನೋಡಿದೆ. ಒಂದೂ ಮುರಿದಿರಲಿಲ್ಲ. ಅದಕ್ಕಿಂತ ನನ್ನನ್ನು ಬೆರಗು ಮಾಡಿದ್ದು, ಇಳಿದಾಗ ಸಪ್ಪಳ ಆಗಲಿಲ್ಲ. ಬೆಕ್ಕು ಇಳಿದ ಹಂಗೆ.

"ಇದೇನಽ?"

"ಫ್ರೀ ರನ್ನಿಂಗ್, ಅವ್ವಾ."

"ಹಂಗಂದ್ರ?"

"ಗ್ವಾಡಿ, ಪಾವಟಿಗಿ, ಕಟ್ಟಿ ಏನ ಅಡ್ಡ ಬಂದ್ರೂ ನಿಲ್ಲದಽ ಹೋಗೂದು. ಇಳದಾಗ ಸಪ್ಪಳ ಆತಂದ್ರ ತಪ್ಪ ಇಳದೀವಿ ಅಂತ ಅರ್ಥ."

ಕೆಳಗೆ ಅಂಗಳದಲ್ಲಿ ಅರಿವಿ ಒಣ ಹಾಕುತ್ತಿದ್ದ ಮಗ್ಗಲ ಮನಿ ವೈನಿ ಎಲ್ಲ ಕೇಳಿದ್ದಳು. "ಫ್ರೀ ಅಂದ್ರ ಪುಕಟ ಓಡೂದಲ್ಲೇನಬೇ? ನಮ್ಮ ಗಂಡ ಇಷ್ಟ ವರ್ಷ ಪುಕಟಽ ಓಡ್ಯಾನ, ಅವಂಗ್ಯಾರೂ ಹೆಸರ ಇಟ್ಟಿಲ್ಲ ನೋಡು" ಅಂದಳು. ನಾವು ಮೂವರೂ ನಕ್ಕೆವು. ಆ ವೈನಿಯೇ ಎಂಟು ದಿನ ಬಿಟ್ಟು, "ಹೆಣ್ಣ ಹುಡುಗಿ ಮಂದಿ ಮಾಳಿಗಿ ಹಾರಕೋತ ಹ್ವಾದ್ರ ನಾಳೆ ನೋಡಾಕ ಬರೂ ಬೀಗರು ಬಾಗಲದಾಗ ಕುಂದ್ರಬೇಕೋ, ಮಾಳಿಗಿ ಮ್ಯಾಲ ಕುಂದ್ರಬೇಕೋ?" ಅಂತ ನಳದ ಹತ್ತಿರ ನಾಲ್ಕು ಮಂದಿ ಕೇಳುವಂಗೆ ಅಂದಳು. ಆಗ ನಾನೊಬ್ಬಳೇ ನಗಲಿಲ್ಲ.

ಮನಿಯವರು ಭಾಳ ಮಾತಿನವರಲ್ಲ. ಹುಬ್ಬಿನ ಮ್ಯಾಲ ಹಿಟ್ಟು ಕುಂತಿದ್ದಂಗೆಯೇ ಊಟಕ್ಕೆ ಕುಂತು, "ನಿನ್ನ ಮಗಳು, ನೀ ನೋಡ್ಕೊ. ಕೈಕಾಲ ಮುರಕೊಂಡ್ರ ನನ್ನ ಕೇಳಬ್ಯಾಡ" ಅಂದರು. ಅಂದರೆ ನಾನು ಹೂಂ ಅಂದರೆ ಅವರದೂ ಹೂಂ. ಎಲ್ಲ ಭಾರ ನನ್ನ ನಾಲಿಗೆ ಮ್ಯಾಲ ಬಂತು.

ನಾನು ಮೂರು ದಿನ ವಿಚಾರ ಮಾಡಿದೆ. ಬ್ಯಾಡ ಅನ್ನಬೇಕು ಅಂತಲೇ ಇತ್ತು. ಖರೆ ಹೇಳಬೇಕೆಂದರೆ, ಸಂಡಗಿ ದಾಟುವಾಗಿನ ಅವಳ ಮುಖ ನನ್ನ ಕಣ್ಣು ಬಿಟ್ಟು ಹೋಗಲಿಲ್ಲ. ಪೂಜಿಗೆ ಕುಂತಾಗ ಯಾವಾಗರೆ ಒಮ್ಮೆ ಮನಸ್ಸು ಪೂರಾ ನಿಲ್ಲುತ್ತದಲ್ಲ, ಅಂಥ ಮುಖ. ಅದನ್ನು ಹೆಂಗ ಬ್ಯಾಡ ಅನ್ನುವುದು?

ನಾವು ಲಿಂಗ ಕಟ್ಟಿದವರು. ಆದರೆ ಓಣಿಯ ಹಣಮಪ್ಪ ಎಲ್ಲಾರ ದೇವರು. ಶನಿವಾರ ಎಕ್ಕಿ ಎಲಿಯ ಸರ, ಒಂದು ಸಣ್ಣ ಬಾಟಲಿ ಎಣ್ಣಿ ಒಯ್ದು ಹೆಣ್ಣುಮಕ್ಕಳು ಹೊಸ್ತಿಲ ಹೊರಗೇ ನಿಲ್ಲುತ್ತೇವೆ. ಪೂಜಾರಿ ಎಣ್ಣಿ ದೇವರಿಗೆ ಏರಿಸಿ, ಮೈಯಿಂದ ಇಳಿದದ್ದರಲ್ಲಿ ನಾಲ್ಕು ಹನಿ ತಿರುಗಿ ಕೊಡುತ್ತಾನೆ. ಸಣ್ಣವಳಿದ್ದಾಗ ಇವಳ ಕೆಮ್ಮಿಗೆ, ಉಳುಕಿಗೆ, ಅಂಜಿಕೆಗೆ ಎಲ್ಲದಕ್ಕೂ ಅದೇ ಎಣ್ಣಿ ಹಚ್ಚಿದ್ದೆ. ಸಮುದ್ರ ಹಾರಿದವನ ಎಣ್ಣಿ. ಹಾರುವವರಿಗೆ ಅದಕ್ಕಿಂತ ದೊಡ್ಡ ಕಾವಲು ಎಲ್ಲಿಂದ ತರಲಿ?

"ಹೋಗು. ಆದ್ರ ಶನಿವಾರ ಶನಿವಾರ ಅಂಗೈಗೆ ಅಂಗಾಲಿಗೆ ನಾ ಹಣಮಪ್ಪನ ಎಣ್ಣಿ ಹಚ್ಚತೀನಿ. ಹಚ್ಚಿಸ್ಕೊಂಡಽ ಹೋಗಬೇಕು" ಅಂದೆ.

ಅವಳು ಕುಣಿದಾಡಿದಳು. "ಎಣ್ಣಿ ಅಲ್ಲ, ತುಪ್ಪ ಹಚ್ಚು ಅವ್ವಾ!" ಅಂದಳು.

ಹಂಗ ಒಂದು ಮಳೆಗಾಲ, ಒಂದು ಚಳಿಗಾಲ ಕಳೆಯಿತು. ಶನಿವಾರ ಕಾಲೇಜಿಗೆ ಹೋಗುವ ಅವಸರ ಇರುತ್ತಿರಲಿಲ್ಲ, ಅವರ ದೊಡ್ಡ ದೊಡ್ಡ ಜಿಗಿತ ಎಲ್ಲ ಆ ದಿನವೇ. ಪೇಟೆಯ ಹಿಂದೆ ಅರ್ಧ ಕಟ್ಟಿ ಬಿಟ್ಟ ಅಂಗಡಿಗಳ ಒಂದು ಸಾಲು ಇದೆ, ಕಂಬ, ಗ್ವಾಡಿ, ಸ್ಲ್ಯಾಬು ಅಷ್ಟೇ. ಅಲ್ಲಿ ಹೋಗುತ್ತಿದ್ದರು. ಗುಡಿಯಿಂದ ಬಂದು ನಾನು ಅವಳ ಎರಡೂ ಅಂಗೈಗೆ ಹಚ್ಚಿ, ಕಾಲು ನನ್ನ ತೊಡಿ ಮ್ಯಾಲ ಇಟ್ಟುಕೊಂಡು ಅಂಗಾಲಿಗೆ ಹಚ್ಚುತ್ತಿದ್ದೆ. ಅಂಗೈಯಲ್ಲಿ ರೊಟ್ಟಿ ಬಡಿಯುವ ನನ್ನ ಕೈಗಿಂತ ದಪ್ಪ ದಡ್ಡು ಬಿದ್ದಿದ್ದವು. ಮುಂದಿನ ತಿಂಗಳು ಪುಣೆಯಲ್ಲಿ ಇಂಥ ಹುಡುಗರೆಲ್ಲ ಸೇರುತ್ತಾರೆ, ನಾನೂ ಹೋಗುತ್ತೇನೆ ಅಂತ ಹೇಳುತ್ತಿದ್ದಳು. ಮನಿಯವರು ಸೈತ ಸುಮ್ಮನೆ ಹೋಗಿ ಬಸ್ಸಿನ ವ್ಯಾಳೆ ಕೇಳಿ ಬಂದಿದ್ದರು.

ಆ ಶನಿವಾರಕ್ಕೆ ಒಂದು ವಾರ ಮೊದಲು ನಾನು ಹಿತ್ತಲಿಗೆ ಹೋದೆ. ಭಾಂಡೆ ತಿಕ್ಕುವ ಕಲ್ಲಿನ ಹತ್ತಿರ ಮಗಳು ಕುಕ್ಕರಗಾಲಿನಲ್ಲಿ ಕುಂತಿದ್ದಳು. ಭಾಂಡೆಗೆ ಅಂತ ನಾನು ಡಬ್ಬಿಯಲ್ಲಿ ಹಾಕಿಟ್ಟ ಒಲಿಯ ಬೂದಿ ಮುಷ್ಟಿಗಟ್ಟಲೆ ತಗೊಂಡು ಅಂಗೈ ಗಸಗಸ ತಿಕ್ಕುತ್ತಿದ್ದಳು. ನಾನು ಆಗಷ್ಟೇ ಹಚ್ಚಿದ ಎಣ್ಣಿ.

"ಏನ ಮಾಡಾಕತ್ತಿ?"

ಬೆಚ್ಚಿದಳು. ಆಮೇಲೆ ನಕ್ಕಳು. "ಎಣ್ಣಿ ಹಣಮಪ್ಪಂದು, ಬೂದಿ ಈಶ್ವರಂದು. ಇಬ್ಬರೂ ಬ್ಯಾರೆ ಏನವ್ವಾ? ನೀ ದಿನಾ ಹಣಿಗೆ ಹಚ್ಕೋತಿ, ನಾ ಕೈಗೆ ಹಚ್ಕೊಂಡೀನಿ."

"ಪ್ರತಿ ಶನಿವಾರ ಒರಸ್ತೀಯೇನ ಹಿಂಗ?"

"ಕೈ ಜಾರತಾವ ಅವ್ವಾ. ಗ್ವಾಡಿ ಅಂಚ ಹಿಡೀಬೇಕಾದ್ರ ಕೈ ಒಣಾ ಇರಬೇಕು."

ಇಷ್ಟು ಚೊಕ್ಕ ಹೇಳಿದಳು. ಇದಕ್ಕಿಂತ ಚೊಕ್ಕ ಹೆಂಗ ಹೇಳಬೇಕಿತ್ತು ಅಂತ ಇವತ್ತಿಗೂ ನನಗೆ ತಿಳಿಯುವುದಿಲ್ಲ. ಆದರೆ ನನ್ನ ಕಿವಿಗೆ ಬಿದ್ದದ್ದು ಬ್ಯಾರೆ. ಇಷ್ಟು ದಿನ ನನ್ನ ಮುಂದೆ ಹಚ್ಚಿಸಿಕೊಂಡು, ಹಿಂದೆ ಹೋಗಿ ದೇವರನ್ನು ತೊಳೆದಳಲ್ಲ ಅನ್ನುವುದಷ್ಟೇ ಕೇಳಿಸಿತು.

"ದೇವ್ರ ಎಣ್ಣಿ ಜಾರತದೇನ?" ಅಂದೆ.

ಅವಳ ಕೈ ಹಿಡಿದು ನನ್ನ ತಲಿ ಮ್ಯಾಲ ಇಟ್ಟುಕೊಂಡೆ. "ಇನ್ನ ಮ್ಯಾಲ ಒರಸಂಗಿಲ್ಲ ಅಂತ ಆಣಿ ಮಾಡು."

ಮೊದಲು ಚಾಷ್ಟಿ ಅಂತ ತಿಳಿದಳು. ನನ್ನ ಮುಖ ನೋಡಿ ನಗೂದು ನಿಲ್ಲಿಸಿದಳು. "ಆತು. ಒರಸಂಗಿಲ್ಲ. ಆಣಿ" ಅಂದಳು. ಅವಳು ಕೈ ತೆಗೆದಾಗ ನನ್ನ ಬೈತಲಿಯಲ್ಲಿ ಬೂದಿ ಉದುರಿತ್ತು. ನಾನು ಝಾಡಿಸಿಕೊಂಡು ಒಳಗೆ ಬಂದೆ. ಗೆದ್ದವಳ ಹಂಗೆ ಬಂದೆ.

ಮುಂದಿನ ಶನಿವಾರ ಇದು, ರೊಟ್ಟಿಯ ಶನಿವಾರ. ಎಣ್ಣಿ ಹಚ್ಚಿಸಿಕೊಂಡು, ಬೂಟಿನ ದಾರ ನನ್ನ ಕೈಲೇ ಕಟ್ಟಿಸಿಕೊಂಡು, ಎರಡೂ ಅಂಗೈ ಮ್ಯಾಲ ಮಾಡಿ ತೋರಿಸಿ ಹೋದಳು. "ನೋಡಕೊ, ಬೂದಿ ಇಲ್ಲ!"

ನಾನು ಪೇಟೆಯ ಹಿಂದೆ ಹೋಗಿ ಮುಟ್ಟುವುದರೊಳಗೆ ಮನಿಯವರು ಗಿರಣಿ ಬಿಟ್ಟು ಬಂದಿದ್ದರು. ಮಗಳು ಕಟ್ಟಡದ ಖಡಿಗಲ್ಲಿನ ಗುಂಪಿ ಮ್ಯಾಲ ಮಲಗಿದ್ದಳು. ಒಂದು ಸ್ಲ್ಯಾಬಿನಿಂದ ಹಾರಿ ಎದುರಿನ ಗ್ವಾಡಿಯ ಅಂಚನ್ನು ಎರಡೂ ಕೈಲೇ ಹಿಡಿಯುವುದು, ಆಮೇಲೆ ಮ್ಯಾಲ ಏರುವುದು. ನೂರು ಸಲ ಮಾಡಿದ್ದೇ. ಈ ಸಲ ಕೈ ನಿಲ್ಲಲಿಲ್ಲ. ಒಂದು ಮಾಳಿಗಿ ಎತ್ತರದಿಂದ ಕಾಲ ಮ್ಯಾಲೇ ಬಿದ್ದಿದ್ದಳು. ಅವಳ ಬಲಗೈ ಮಣಿಕಟ್ಟು ಬ್ಯಾರೆ ದಿಕ್ಕಿಗೆ ತಿರುಗಿತ್ತು. ನನ್ನನ್ನು ನೋಡಿ, "ಅವ್ವಾ, ಹಿಟ್ಟಿನ ಕೈಲೇ ಬಂದೀಯಲ್ಲ" ಅಂದಳು. ಅಷ್ಟಾದ ಮ್ಯಾಲ ಅತ್ತಳು.

ಊರಿನ ದವಾಖಾನಿಯಲ್ಲಿ ಸಲಾಯಿನ್ ಹಚ್ಚಲು ನರ್ಸಬಾಯಿ ಅವಳ ಎಡಗೈ ಹಿಡಿದಳು. ಸೂಜಿ ನಿಲ್ಲಲು ಅಂಗೈ ಸುತ್ತ ಅಂಟುಪಟ್ಟಿ ಸುತ್ತಿದಳು. ಅದು ಹತ್ತಲಿಲ್ಲ. ಕಿತ್ತು ಇನ್ನೊಂದು ಸುತ್ತಿದಳು. ಅದೂ ಜಾರಿತು. ಅವಸರದಾಕಿ ಪಾಪ, ಸಿಡುಕಿನಿಂದ ಮರಾಠಿಯಲ್ಲಿ ಕೇಳಿದಳು: ಕೈಗೆ ಇಷ್ಟು ಎಣ್ಣಿ ಎಲ್ಲಿಂದ ಬಂತು, ಎಣ್ಣಿ ಕೈಲೇ ಯಾರಾದರೂ ಗ್ವಾಡಿ ಹತ್ತುತ್ತಾರೇನು?

 ಮನಿಯವರು ಮಗ್ಗಲದಲ್ಲೇ ನಿಂತಿದ್ದರು. ಹಲ್ಲು ಕಚ್ಚಿ ಮಲಗಿದ್ದ ಮಗಳು ಕಣ್ಣು ತೆರೆದು, ಅದೇ ಮರಾಠಿಯಲ್ಲಿ, ತಲಿಗೆ ಹಚ್ಚಿಕೊಂಡಿದ್ದೆ, ಕೈ ತೊಳೆಯೂದು ಮರೆತೆ ಅಂದಳು. ಅವತ್ತು ಅವಳ ತಲಿ ಒಣಾ ಕಸಬರಿಗಿ ಹಂಗಿತ್ತು. ಮನಿಯವರು ಅದನ್ನೆಲ್ಲ ನೋಡುವವರಲ್ಲ. ನರ್ಸಬಾಯಿ ಸ್ಪಿರಿಟ್ಟಿನ ಹತ್ತಿಯಿಂದ ಅಂಗೈ ಮೂರು ಸಲ ಒರೆಸಿದಳು. ಆಗ ಪಟ್ಟಿ ಹತ್ತಿತು.

ಇಷ್ಟು ದಿನವಾದರೂ ಮನಿಯವರಿಗೆ ಇದು ಗೊತ್ತಿಲ್ಲ. ಬರೆದದ್ದನ್ನು ಓದಿದರೆ ಗೊತ್ತಾಗುತ್ತದೆ. ಗೊತ್ತಾಗಲಿ.

ಮಿರಜಿಗೆ ಒಯ್ದರು. ಎರಡೂ ಹಿಮ್ಮಡದ ಎಲುಬು ಒಡೆದಿದ್ದವು. ಬೆನ್ನೆಲುಬು ಉಳಿದಿತ್ತು, ಅದನ್ನು ನಾನು ಎರಡನೆಯದು ಅಂತ ಎಣಿಸಿಕೊಂಡೆ. ಡಾಕ್ಟರು ಚಲೋ ಮನುಷ್ಯ. ನಡೆಯುತ್ತಾಳೆ ಅಂದರು. ಹಾರುವುದು ಅಂತ ಮಗಳು ಕೇಳಿದ್ದಕ್ಕೆ ಅವರು ಕಾಗದದಲ್ಲಿ ಏನೋ ಬರೆಯುತ್ತಾ, ಮೊದಲು ನಡಿ ಅಂದರು. ಅವಳು ಗ್ವಾಡಿ ಕಡೆ ಮುಖ ಮಾಡಿ ಮಲಗಿದಳು. ಅವತ್ತು ಕೊಟ್ಟ ಊಟ ಹಂಗೆ ಉಳಿಯಿತು.

ಆಪರೇಶನ್ ಆದ ನಾಲ್ಕನೇ ದಿನ ಮಧ್ಯಾಹ್ನ ಮನಿಯವರು ಔಷಧ ತರಲು ಕೆಳಗೆ ಹೋಗಿದ್ದರು. ನಾನು ಅವಳ ತಲಿ ಬಾಚುತ್ತಿದ್ದೆ. ಕೇಳಿಯೇ ಬಿಟ್ಟೆ.

"ಅವತ್ತ ಒರಸ್ಕೋಬಾರದಿತ್ತೇನ?"

"ಆಣಿ ಮಾಡಿದ್ನಲ್ಲ."

"ನಾ ಏನ ನೋಡಾಕ ಬಂದಿದ್ನೇನ ಅಲ್ಲಿ?"

"ನಿನ್ನ ತಲಿ ಮ್ಯಾಲ ಕೈ ಇಟ್ಟ ಮಾಡೀನಿ ಅವ್ವಾ. ನಿನಗೇನರೆ ಆಗಿದ್ರ?"

ಆಣಿ ಮುರಿದರೆ ಯಾರ ತಲಿ ಮ್ಯಾಲ ಇಟ್ಟಿರುತ್ತೇವೋ ಅವರಿಗೆ ಕೇಡು ಅಂತ ಅವಳಿಗೆ ಹೇಳಿಕೊಟ್ಟವಳು ನಾನೇ. ಮೂರು ವರ್ಷದವಳಿದ್ದಾಗ ಬೆಲ್ಲದ ಡಬ್ಬಿ ಮುಟ್ಟಬಾರದು ಅಂತ. ಎಣ್ಣಿ ಮ್ಯಾಲ ಅವಳಿಗೆ ನಂಬಿಕೆ ಇರಲಿಲ್ಲ. ನನ್ನ ಜೀವದ ಮ್ಯಾಲ ಇತ್ತು.

ನನ್ನ ಕೈಯಲ್ಲಿನ ಬಾಚಣಿಗಿ ನಿಂತಿತು. ಅವಳಿಗೆ ತಿಳಿಯಿತು. "ಎಣ್ಣಿಯಿಂದ ಅಲ್ಲ ಬಿಡು. ಗ್ವಾಡಿ ಅಂಚಿನ ಸಿಮೆಂಟ ಒಡೀತು. ಪೊಳ್ಳ ಇತ್ತು. ಯಾರ ಹಿಡದಿದ್ರೂ ಬೀಳತಿದ್ರು" ಅಂದಳು. "ಬಾಚ ಅವ್ವಾ, ಅರ್ಧಕ್ಕಽ ಬಿಟ್ಟಿ. ಹುಚ್ಚಿ ಹಂಗ ಕಾಣ್ತೀನಿ."

ಈಗ ನಡೆಯುತ್ತಾಳೆ. ಕೋಲು ಬಿಟ್ಟು ಎಷ್ಟೋ ತಿಂಗಳಾಯಿತು. ತನ್ನ ಕೆಲಸ ತಾನು ಮಾಡಿಕೊಳ್ಳುತ್ತಾಳೆ. ಪರೀಕ್ಷಾ ಬರೆದು ಪಾಸಾದಳು, ಎಡಗೈಲೇ ಅರ್ಧ ಬರೆದು. ಬಲ ಮಣಿಕಟ್ಟು ಪೂರಾ ಮಡಚುವುದಿಲ್ಲ, ರೊಟ್ಟಿ ಬಡಿಯಲು ಬರುವುದಿಲ್ಲ. ಅದಕ್ಕೆ ಅವಳೇ ನಗುತ್ತಾಳೆ, ಅತ್ತಿ ಮನಿಯವರಿಗೆ ಮೊದಲೇ ಹೇಳಿಬಿಡು ಅಂತ. ಓಣಿಯ ಸಣ್ಣ ಹುಡುಗಿಯರು ಸಂಜಿಗೆ ಬಂದು ನಮ್ಮ ಕಟ್ಟಿಯಿಂದ ಜಿಗಿಯುತ್ತಾರೆ. ಇವಳು ಕುಂತಲ್ಲಿಂದ ಹೇಳಿಕೊಡುತ್ತಾಳೆ. ಮಗ್ಗಲ ಮನಿ ವೈನಿಯ ಮೊಮ್ಮಗಳೂ ಬರುತ್ತಾಳೆ. "ಸಪ್ಪಳ ಆತು, ತಪ್ಪು. ಮತ್ತ ಹಾರು" ಅನ್ನುವುದು ನನಗೆ ಒಳಗೆ ಕೇಳಿಸುತ್ತದೆ.

ಮೊದಲು ಅವಳು ಯಾವಾಗ ಮನಿಗೆ ಬಂದಳು ಅಂತ ನನಗೆ ತಿಳಿಯುತ್ತಲೇ ಇರಲಿಲ್ಲ. ಹಿಂದೆ ಬಂದು ನಿಂತು ನನ್ನ ಬೆದರಿಸುತ್ತಿದ್ದಳು. ಈಗ ಪಾವಟಿಗಿ ಇಳಿದರೆ ಒಂದು ಹೆಜ್ಜಿ ಗಟ್ಟಿ, ಒಂದು ಎಳೆದು. ಎಲ್ಲಿದ್ದರೂ ಕೇಳಿಸುತ್ತದೆ. ಕೇಳಿಸಿದ ಕೂಡಲೇ ಅದಾಳಲ್ಲ ಅನ್ನುತ್ತೇನೆ. ಆಮೇಲೆ ಆ ಎಳೆದ ಹೆಜ್ಜಿ ಎಣಿಸುತ್ತೇನೆ.

ಶನಿವಾರ ಗುಡಿಗೆ ಹೋಗುತ್ತೇನೆ. ಹಣಮಪ್ಪನ ಮ್ಯಾಲ ನನಗೆ ಸಿಟ್ಟಿಲ್ಲ. ಅವನು ಹಚ್ಚು ಅಂದಿರಲಿಲ್ಲ, ಒಯ್ದವಳು ನಾನು, ತಂದವಳು ನಾನು. ಬೂದಿಯೂ ಅವನ ಮನಿಯದೇ ಅಂತ ಮಗಳು ಹೇಳಿದ್ದು ಅವನಿಗೆ ಕೇಳಿಸಿತ್ತು, ನನಗೆ ಕೇಳಿಸಿರಲಿಲ್ಲ. ಪೂಜಾರಿ ನಾಲ್ಕು ಹನಿ ಕೊಡಲು ಬಂದರೆ, "ದೇವರಿಗೇ ಇರಲಿರಿ" ಅನ್ನುತ್ತೇನೆ.

ಇನ್ನೊಂದು ಮಾತು ಬರೆಯಲೇಬೇಕು. ದವಾಖಾನಿಗೆ ಹೋದ ಹನ್ನೊಂದನೇ ದಿನ ಅರಿವಿ ತರಲು ನಾನೊಬ್ಬಳೇ ಮಿರಜಿನಿಂದ ಬಸ್ಸಿಗೆ ಬಂದೆ. ಸ್ಟ್ಯಾಂಡಿನಲ್ಲಿ ಇಳಿದು ಮನಿಗೆ ಹೋಗದೆ ಪೇಟೆಯ ಹಿಂದೆ ಹೋದೆ. ಗೆಳತಿ ಅಲ್ಲಿ ಒಬ್ಬಳೇ ಕುಂತಿದ್ದಳು. ಅವತ್ತಿನಿಂದ ಇವರಲ್ಲಿ ಯಾರೂ ಹಾರಿರಲಿಲ್ಲವಂತೆ.

"ಯಾವ ಗ್ವಾಡಿ?" ಅಂದೆ. ಬೆರಳು ಮಾಡಿದಳು.

"ಅಂಚ ಒಡೀತಂತಲ್ಲ?"

ಅವಳು ನೆಲ ನೋಡಿದಳು. "ಹೂಂರಿ ಕಾಕೂ. ಒಡೀತು."

ಮಗಳೂ ಇವಳೂ ಮೊದಲೇ ಮಾತಾಡಿಕೊಂಡಿದ್ದರು ಅಂತ ತಿಳಿಯಿತು. ನಾನು ಸೀರಿ ನಿರಿಗಿ ಎತ್ತಿ ಕಟ್ಟಿ, ಅರ್ಧ ಕಟ್ಟಿದ ಪಾವಟಿಗಿಯ ಮ್ಯಾಲ ಕೈ ಊರಿ ಊರಿ ಆ ಗ್ವಾಡಿಯ ತನಕ ಹತ್ತಿದೆ. ಹುಡುಗಿ ಕೆಳಗಿಂದ, "ಬ್ಯಾಡರಿ ಕಾಕೂ, ನೀವೂ ಬೀಳತೀರಿ" ಅನ್ನುತ್ತಿದ್ದಳು. ಅಂಚಿನ ಮ್ಯಾಲ ಈ ತುದಿಯಿಂದ ಆ ತುದಿಯ ತನಕ ಅಂಗೈ ಎಳೆದೆ. ಎಲ್ಲೂ ಒಡೆದಿರಲಿಲ್ಲ. ಚಲೋ ಗಟ್ಟಿ ಗ್ವಾಡಿ. ಯಾರೋ ಬಡವ ಗವಂಡಿ ಮನಸ್ಸಿಟ್ಟು ಕಟ್ಟಿದ್ದ.

ಇಳಿದು ಬಂದು ಗೆಳತಿಯ ತಲಿ ಮ್ಯಾಲ ಕೈ ಇಡಲು ಹೋದೆ. ಇಡಲಿಲ್ಲ. ಬೆನ್ನು ಸವರಿದೆ. "ಹೌದವಾ, ಒಡದದ" ಅಂದೆ.

ಮನಿ ಬೀಗ ತೆಗೆದೆ. ಅಡಿಗಿಮನಿಯಲ್ಲಿ ಹುಳಿ ವಾಸನಿ. ಬುಟ್ಟಿ ಎತ್ತಿದೆ. ಹಿಟ್ಟು ಒಣಗಿ ಸೀಳಿ, ಮ್ಯಾಲ ಬೂಸು ಹಿಡಿದು ಪರಾತಕ್ಕೆ ಕಚ್ಚಿಕೊಂಡಿತ್ತು. ನಾಲ್ಕನೆಯ ರೊಟ್ಟಿಯ ಮ್ಯಾಲ ನನ್ನ ಬೆರಳುಗಳು ಹಂಗೇ ಮೂಡಿದ್ದವು. ಪರಾತ ಹಿತ್ತಲಿಗೆ ಒಯ್ದು ನೀರು ಹಾಕಿ ನೆನೆಯಲು ಬಿಟ್ಟೆ. ಬೂದಿಯ ಡಬ್ಬಿ ಕಲ್ಲಿನ ಮಗ್ಗಲದಲ್ಲೇ ಇತ್ತು, ಮುಚ್ಚಳ ಹಾಕಿತ್ತು. ತೆಗೆದೆ. ಒಂದು ಮುಷ್ಟಿ ಬೂದಿ ತಗೊಂಡು, ಕುಕ್ಕರಗಾಲಿನಲ್ಲಿ ಕುಂತು, ಪರಾತ ತಿಕ್ಕಲು ಹತ್ತಿದೆ.